ನಿಶ್ಶಬ್ದ ರೊಟ್ಟಿಯ ಡಿಕ್ರಿ

ಚನ್ನಬಸವಯ್ಯನವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಕಚೇರಿಯಲ್ಲಿ ದುಡಿದು, ಅಷ್ಟೂ ಕಾಲ ಒಂದೇ ಒಂದು ತೀರ್ಮಾನವನ್ನೂ ತೆಗೆದುಕೊಳ್ಳದೆ, ಹಾರ ತುರಾಯಿಗಳೊಂದಿಗೆ ನಿವೃತ್ತರಾದವರು. ಇದು ಸಾಮಾನ್ಯ ಸಾಧನೆಯಲ್ಲ. ಮೇಜಿನ ಮೇಲೆ ಬಂದ ಪ್ರತಿ ಕಡತದ ಮೇಲೂ ಅವರು 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ಕೆಳಗೆ ತಳ್ಳುತ್ತಿದ್ದರು. ಕೆಳಗಿನವರು ಪರಿಶೀಲಿಸಿ ಮಂಡಿಸಿದರೆ 'ಚರ್ಚಿಸಿ' ಎಂದು ಬರೆಯುತ್ತಿದ್ದರು. ಚರ್ಚಿಸಲು ಬಂದಾಗ ಕಾಫಿಗೆ ಹೋಗಿರುತ್ತಿದ್ದರು. ಇಂಥ ಮನುಷ್ಯನೊಳಗೆ, ಸಾಯುವುದರೊಳಗೆ ಒಂದು ಸಲವಾದರೂ ಏನನ್ನಾದರೂ ತಾನೇ ತೀರ್ಮಾನಿಸಿ, ಮೇಜು ಕುಟ್ಟಿ, ನಾಲ್ಕು ಜನ ಬಾಯಿ ಮುಚ್ಚುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಎಷ್ಟು ಬಲಿತಿರಬಹುದು, ನೀವೇ ಊಹಿಸಿಕೊಳ್ಳಿ.

ಆ ಆಸೆಗೆ ನೀರೆರೆದವನು ಪ್ರಸನ್ನ. ಬಿ.ಟಿ.ಎಂ. ಎರಡನೇ ಹಂತದಲ್ಲಿ, ಬಿಳೇಕಹಳ್ಳಿಗೆ ಹೋಗುವ ದಾರಿಯಲ್ಲಿ 'ಕೈಲಾಸ ಎನ್‌ಕ್ಲೇವ್' ಎಂಬ ನಾಲ್ಕಂತಸ್ತಿನ ಕಟ್ಟಡವಿದೆ; ಚನ್ನಬಸವಯ್ಯನವರ ಮನೆಯೂ ಅದರಲ್ಲೇ. ಅದರ ನಿವಾಸಿಗಳ ಸಂಘಕ್ಕೆ ಅವನು ಅಧ್ಯಕ್ಷ. ಬನ್ನೇರುಘಟ್ಟ ರಸ್ತೆಯಲ್ಲಿ ಅವನದೊಂದು ಟೈಲ್ಸ್ ಅಂಗಡಿ. ಒಬ್ಬರ ಕಾರು ಇನ್ನೊಬ್ಬರ ಕಂಬಕ್ಕೆ ತಾಗಿತು, ಒಬ್ಬರ ಬಟ್ಟೆಯ ನೀರು ಇನ್ನೊಬ್ಬರ ಸಂಡಿಗೆಯ ಮೇಲೆ ತೊಟ್ಟಿಕ್ಕಿತು ಎಂದು ಜನ ವ್ಯಾಪಾರದ ಹೊತ್ತಿಗೇ ಫೋನ್ ಮಾಡಿ ಅವನ ಪ್ರಾಣ ತಿನ್ನುತ್ತಿದ್ದರು. ರೋಸಿಹೋದ ಪ್ರಸನ್ನ ಒಂದು ಭಾನುವಾರ 'ವ್ಯಾಜ್ಯ ಪರಿಹಾರ ಉಪಸಮಿತಿ' ಎಂಬುದನ್ನು ಹುಟ್ಟುಹಾಕಿ, ಚನ್ನಬಸವಯ್ಯನವರನ್ನು ಅದರ ಅಧ್ಯಕ್ಷರನ್ನಾಗಿಯೂ, ಏಕೈಕ ಸದಸ್ಯರನ್ನಾಗಿಯೂ ನೇಮಿಸಿದ.

"ಸಾರ್, ನಿಮ್ಮಷ್ಟು ಅನುಭವ ಇರೋರು ಇಲ್ಲಿ ಯಾರಿದ್ದಾರೆ? ಇನ್ಮೇಲೆ ನೀವು ಹೇಳಿದ್ದೇ ಫೈನಲ್ ಸಾರ್. ನನಗಂತೂ ಫೋನೇ ಮಾಡ್ಬೇಡಿ" ಎಂದ.

ಕೊನೆಯ ವಾಕ್ಯ ಮಾತ್ರ ಅವನು ಮನಸ್ಸಿನಿಂದ ಆಡಿದ್ದು. ಚನ್ನಬಸವಯ್ಯನವರ ಕಿವಿಗೆ ಬಿದ್ದದ್ದು 'ಫೈನಲ್' ಎನ್ನುವುದೊಂದೇ.

ಆ ದಿನ ಮಧ್ಯಾಹ್ನ ಮೇಘಶ್ರೀ ಊಟಕ್ಕೆ ಬಂದಿದ್ದಳು. ಅವಳು ಚನ್ನಬಸವಯ್ಯನವರ ತಮ್ಮನ ಮಗಳು, ಕಾನೂನು ಓದುತ್ತಿದ್ದಳು, ಹಾಸ್ಟೆಲಿನ ಊಟದಿಂದ ತಪ್ಪಿಸಿಕೊಳ್ಳಲು ಭಾನುವಾರ ದೊಡ್ಡಪ್ಪನ ಮನೆಗೆ ಬರುತ್ತಿದ್ದಳು.

"ಮಗಳೇ, ಜಡ್ಜು ಕೊನೇಲಿ ಹೇಳ್ತಾನಲ್ಲ, ಅದಕ್ಕೆ ಏನಂತಾರೆ?" ಎಂದು ಕೇಳಿದರು.

"ಯಾವುದು ದೊಡ್ಡಪ್ಪ? ಜಡ್ಜ್‌ಮೆಂಟಾ, ಡಿಕ್ರಿನಾ, ಆರ್ಡರಾ?"

ಮೂರು ಇದೆ ಎನ್ನುವುದನ್ನು ಕೇಳಿಯೇ ಚನ್ನಬಸವಯ್ಯನವರಿಗೆ ರೋಮಾಂಚನವಾಯಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನೋಡಿ, ಜಡ್ಜ್‌ಮೆಂಟ್ ಅಂದ್ರೆ ಕಾರಣಗಳು. ಯಾರ ಸಾಕ್ಷಿ ನಂಬಿದೆ, ಯಾಕೆ ನಂಬಿದೆ, ಯಾವ ಕಾನೂನು ಅನ್ವಯಿಸ್ತು ಅಂತ ಜಡ್ಜು ಬಿಡಿಸಿ ಹೇಳೋದು. ಡಿಕ್ರಿ ಅಂದ್ರೆ ಅದರಿಂದ ಹೊರಡೋ ಫಲ. ದಾವೆ ಹಾಕಿದೋರಿಗೆ ಏನು ಹಕ್ಕು, ಎದುರಿನೋರು ಏನು ಮಾಡಬೇಕು ಅಂತ ಖಡಾಖಂಡಿತ ಹೇಳಿ ಮುಗಿಸೋದು. ಹಕ್ಕಿನ ತೀರ್ಮಾನ ಅಲ್ಲದೆ ಬೇರೆ ಏನಾದ್ರೂ ಹೇಳಿದ್ರೆ ಅದು ಆರ್ಡರ್."

"ಅಂದ್ರೆ ಡಿಕ್ರಿಯಲ್ಲಿ ಕಾರಣ ಕೊಡೋ ಗೋಜಿಲ್ಲ."

"ಕಾರಣ ಜಡ್ಜ್‌ಮೆಂಟಲ್ಲಿ ಇರುತ್ತೆ ದೊಡ್ಡಪ್ಪ. ಅದು ಮೊದಲು, ಡಿಕ್ರಿ ಆಮೇಲೆ. ಅದಿಲ್ದೆ ಇದಿಲ್ಲ."

"ನನಗೆ ಡಿಕ್ರಿ ಸಾಕು. ಬರೆದು ಬರೆದು ನನ್ನ ಕೈ ಬಿದ್ದುಹೋಗಿದೆ" ಎಂದರು ಚನ್ನಬಸವಯ್ಯನವರು.

"ಇನ್ನೊಂದು ವಿಷಯ. ಓದಿ ಹೇಳಿ ಸಹಿ ಹಾಕಿದ ಮೇಲೆ ಜಡ್ಜು ತಾನೇ ಮನಸ್ಸು ಬದಲಾಯಿಸಿ ತಿದ್ದೋ ಹಾಗಿಲ್ಲ. ಬರವಣಿಗೆ ತಪ್ಪು, ಲೆಕ್ಕದ ತಪ್ಪು ಇದ್ರೆ ಬೇರೆ ಮಾತು. ಒಪ್ಪದೇ ಇರೋರು ಮೇಲಿನ ಕೋರ್ಟಿಗೆ ಅಪೀಲು ಹೋಗ್ಬೇಕು."

ಅಡುಗೆಮನೆಯಿಂದ ಅವರ ಹೆಂಡತಿ ಕಮಲಾದೇವಿ ಸೌಟು ಹಿಡಿದು ಹೊರಗೆ ಬಂದರು. "ಅಂದ್ರೆ ಒಂದು ಸಲ ಆಗಿಹೋದ ಮೇಲೆ ತಪ್ಪು ಅಂತ ಗೊತ್ತಾದ್ರೂ ಸುಮ್ನೆ ಇರ್ಬೇಕು ಅನ್ನು. ನಮ್ಮ ಮದುವೆ ಹಾಗೆ."

ಮೇಘಶ್ರೀ ನಕ್ಕಳು. ಚನ್ನಬಸವಯ್ಯನವರಿಗೆ ಅದು ಕೇಳಿಸಲಿಲ್ಲ. ಅವರು ಆಗಲೇ ಮನಸ್ಸಿನಲ್ಲಿ ಡಿಕ್ರಿ ಕೊಡುತ್ತಿದ್ದರು.

ಮೊದಲ ಡಿಕ್ರಿ ಎದುರು ಮನೆಯ ಶ್ರೀದೇವಿಯ ಚಪ್ಪಲಿ ಸ್ಟ್ಯಾಂಡಿನ ಮೇಲಾಯಿತು. 'ಸದರಿ ಸ್ಟ್ಯಾಂಡನ್ನು ಮೊಗಸಾಲೆಯಿಂದ ಒಳಕ್ಕೆ ಸರಿಸತಕ್ಕದ್ದು' ಎಂದು ಅವರು ಮೆಟ್ಟಿಲ ಮೇಲೆ ನಿಂತು ಓದಿದರು. ಶ್ರೀದೇವಿ "ಆಯ್ತು ಅಂಕಲ್" ಎಂದು ಸರಿಸಿದಳು. ಅಂಕಲ್ ಮರೆಯಾದ ಮೇಲೆ ಮತ್ತೆ ಇದ್ದಲ್ಲಿಗೇ ತಂದಿಟ್ಟಳು. ನ್ಯಾಯ ಗೆದ್ದಿತೆಂದು ಚನ್ನಬಸವಯ್ಯನವರು ತಿಳಿದರು. ಅಲ್ಲಿಂದ ಮುಂದೆ ಲಿಫ್ಟಿನಲ್ಲಿ, ಪಾರ್ಕಿನಲ್ಲಿ, ತರಕಾರಿ ಗಾಡಿಯ ಮುಂದೆ ಅವರ ಬಾಯಲ್ಲಿ ಡಿಕ್ರಿ ಬಿಟ್ಟು ಬೇರೆ ಮಾತಿಲ್ಲ. ಬದನೆಕಾಯಿ ಹುಳುಕಾಗಿದ್ದರೆ ಗಾಡಿಯವನ ಮೇಲೂ ಡಿಕ್ರಿ ಆಗುತ್ತಿತ್ತು. ಅವನು ಹುಳುಕಿಲ್ಲದ್ದನ್ನು ಕೊಟ್ಟು ಕಳಿಸುತ್ತಿದ್ದ. ನಿತ್ಯ ಗಿರಾಕಿಗೆ ಅಷ್ಟೂ ಮಾಡದಿದ್ದರೆ ಹೇಗೆ?

ಈಗ ರೊಟ್ಟಿಯ ವಿಷಯಕ್ಕೆ ಬರೋಣ.

ಚನ್ನಬಸವಯ್ಯನವರ ಮಲಗುವ ಕೋಣೆಯ ನೇರ ಮೇಲೆ, ಒಂದೇ ಕೋಣೆಯ ಮನೆಯಲ್ಲಿ ಗದಗದ ಕಡೆಯ ದ್ಯಾಮಣ್ಣ, ರೇಣುಕವ್ವ ದಂಪತಿ ಬಾಡಿಗೆಗಿದ್ದರು. ದ್ಯಾಮಣ್ಣನಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ರೇಣುಕವ್ವ ಆ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತು, ಬೆಳಗಿನ ಜಾವ ಐದಕ್ಕೆಲ್ಲ ಜೋಳದ ರೊಟ್ಟಿ ಬಡಿಯಲು ಶುರುಮಾಡುತ್ತಿದ್ದಳು. ಬಿ.ಟಿ.ಎಂ.ನ ಪಿ.ಜಿ.ಗಳಲ್ಲಿರುವ ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದ ಹುಡುಗರ ಬುತ್ತಿಗೆ ಆ ರೊಟ್ಟಿ ಹೋಗುತ್ತಿತ್ತು. ಪಟಪಟ ಪಟಪಟ ಎಂಬ ಆ ಸದ್ದು ಚನ್ನಬಸವಯ್ಯನವರ ದಿಂಬಿನ ಮೇಲೆಯೇ ಬೀಳುತ್ತಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಚನ್ನಬಸವಯ್ಯನವರಿಗೆ ಅನ್ನ ಬಿಡಿಸಿ, ಜೋಳದ ರೊಟ್ಟಿ ತಿನ್ನಿ ಎಂದರು. ಕಮಲಾದೇವಿ ತಿಪಟೂರು ಕಡೆಯವರು. ಅವರ ಕೈಗೆ ಮುದ್ದೆ ಗೊತ್ತು, ಅಕ್ಕಿ ರೊಟ್ಟಿ ಗೊತ್ತು. ಜೋಳದ ಹಿಟ್ಟು ಅವರ ಮಾತು ಕೇಳಲಿಲ್ಲ. ಮಾಡಿದ ಮೊದಲ ರೊಟ್ಟಿ ಹಂಚು ಮುಟ್ಟುವ ಮೊದಲೇ ನಾಲ್ಕು ಹೋಳಾಯಿತು. ಮರುದಿನದಿಂದ, ಯಜಮಾನರು ಪಾರ್ಕಿಗೆ ಹೋದ ಹೊತ್ತು ನೋಡಿ, ಅವರು ಹಿಂದಿನ ಮೆಟ್ಟಿಲಿನಿಂದ ಮೇಲೆ ಹೋಗಿ ರೇಣುಕವ್ವನ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರತೊಡಗಿದರು. ಚನ್ನಬಸವಯ್ಯನವರು ಮೊದಲ ತುತ್ತು ಬಾಯಿಗಿಟ್ಟು, "ಕಮಲಾ, ನಿನ್ನ ಕೈಯಲ್ಲಿ ಏನೋ ಇದೆ ಕಣೆ!" ಎಂದರು. ಕಮಲಾದೇವಿ ಇನ್ನೊಂದು ರೊಟ್ಟಿ ಬಡಿಸಿದರು. ಆ ಮೇಲೆ ದಿನಾ ಅದೇ ರೊಟ್ಟಿ, ದಿನಾ ಅದೇ ಹೊಗಳಿಕೆ. ವಿಷಯ ಇಡೀ ಕಟ್ಟಡಕ್ಕೆ ಗೊತ್ತಿತ್ತು. ಗೊತ್ತಿಲ್ಲದವರು ತೀರ್ಪು ಹೇಳುವವರೊಬ್ಬರೇ.

ಹೀಗಾಗಿ, ತಾವು ಬೆಳಿಗ್ಗೆ ಎಂಟಕ್ಕೆ ಹೊಗಳುವುದನ್ನೇ ಬೆಳಿಗ್ಗೆ ಐದಕ್ಕೆ ಬೈಯುತ್ತಿದ್ದ ಚನ್ನಬಸವಯ್ಯನವರು ಒಂದು ದಿನ ನಿದ್ದೆಗೆಟ್ಟು ಎದ್ದು, ರೇಣುಕವ್ವನ ಮೇಲೆ ತಮ್ಮ ಸಮಿತಿಗೆ ತಾವೇ ದೂರು ಕೊಟ್ಟುಕೊಂಡರು.

ವಿಚಾರಣೆ ಭಾನುವಾರ, ಕಾರು ನಿಲ್ಲಿಸುವ ಜಾಗದಲ್ಲಿ ನಡೆಯಿತು. ಪ್ರಸನ್ನನ ಅಂಗಡಿಯಿಂದ ತಿರುಗುವ ಕುರ್ಚಿಯೊಂದನ್ನು ತರಿಸಲಾಗಿತ್ತು. ಅದರ ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ. ಚನ್ನಬಸವಯ್ಯನವರು ಮೊದಲು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

"ಸ್ವಾಮಿ, ನಾನು ವಾದಿ. ಮೇಲಿನ ಮನೆಯ ಸದ್ದಿನಿಂದ ನನ್ನ ನಿದ್ದೆ ಹಾಳಾಗಿದೆ" ಎಂದು ಖಾಲಿ ತಿರುಗುವ ಕುರ್ಚಿಗೆ ಕೈಮುಗಿದರು. ಎದ್ದು ಹೋಗಿ ಅದರಲ್ಲಿ ಕೂತು, "ಕೋರ್ಟು ನಿಮ್ಮ ಅಹವಾಲನ್ನು ಕೇಳಿದೆ" ಎಂದು ಖಾಲಿ ಪ್ಲಾಸ್ಟಿಕ್ ಕುರ್ಚಿಗೆ ಭರವಸೆ ಕೊಟ್ಟರು.

"ದೊಡ್ಡಪ್ಪ!" ಎಂದಳು ಮೇಘಶ್ರೀ. "ತನ್ನ ಕೇಸಿಗೆ ತಾನೇ ಜಡ್ಜಾಗೋ ಹಾಗಿಲ್ಲ. ಇದು ನಮಗೆ ಹೇಳಿಕೊಡೋ ಮೊದಲನೇ ಪಾಠ."

"ಒಂದೇ ಕುರ್ಚಿಯಲ್ಲಿ ಕೂತಿದ್ದೀನೇನಮ್ಮ? ಎರಡು ಇದೆಯಲ್ಲ" ಎಂದು ಆಕ್ಷೇಪಣೆಯನ್ನು ತಳ್ಳಿಹಾಕಿದರು.

ರೇಣುಕವ್ವ ಸೆರಗು ಹೊದ್ದು ನಿಂತಿದ್ದಳು.

"ಸಾಹೇಬ್ರ, ರೊಟ್ಟಿ ಬಡೀಲಿಲ್ಲಂದ್ರ ಅದು ರೊಟ್ಟಿ ಹೆಂಗ ಆಗ್ತೈತ್ರಿ? ಏಳಕ್ಕೆಲ್ಲಾ ನಮ್ಮ ಹುಡುಗ್ರು ಕೆಲಸಕ್ಕ ಹೊಕ್ಕಾರ. ಐದಕ್ಕ ಕುಂಡ್ರಲಿಲ್ಲಂದ್ರ ಉಪಾಸ ಹೋಗಬೇಕಾಗ್ತೈತಿ ಪಾಪ" ಎಂದಳು.

"ಮಾಡ್ಬೇಡಿ ಅಂದ್ನಾ? ಸದ್ದು ಮಾಡ್ಬೇಡಿ ಅಂದೆ."

"ಸದ್ದಿಲ್ಲದ ಬಡಿಯೂದು ಹೆಂಗ್ರಿ? ಬಾಯಿ ತೆರೀದ ಹಾಡು ಹಾಡು ಅಂದಂಗಾತು."

ಚನ್ನಬಸವಯ್ಯನವರು ಕುರ್ಚಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಸ್ವಲ್ಪ ಬಲಕ್ಕೆ ತಿರುಗಿಸಿ, ಎರಡೂ ಕಡೆಯವರಿಗೆ ತಮ್ಮ ಮುಖದಲ್ಲಿದ್ದ ಗೆಲುವನ್ನು ತೋರಿಸಿದರು. ಈ ಮಾತಿಗೇ ಅವರು ಕಾದಿದ್ದರು.

"ಇಲ್ಲೇ ಇರೋದು ವಿಷಯ! ನಮ್ಮ ಮನೆಯಲ್ಲಿ ದಿನಾ ರೊಟ್ಟಿ ಆಗುತ್ತೆ. ಇದೇ ಜೋಳ, ಇದೇ ರೊಟ್ಟಿ. ನನ್ನ ಹೆಂಡತಿ ಮಾಡ್ತಾಳೆ. ಹೂವಿನ ಹಾಗಿರುತ್ತೆ. ಇಲ್ಲಿ ಇಷ್ಟು ಜನ ಇದ್ದೀರಿ. ನಮ್ಮ ಮನೆಯಿಂದ ಒಂದು ದಿನ, ಒಂದೇ ಒಂದು ದಿನ, ರೊಟ್ಟಿ ಬಡಿಯೋ ಸದ್ದು ಯಾರಿಗಾದ್ರೂ ಕೇಳಿಸಿದೆಯಾ?"

ನಿಂತವರೆಲ್ಲ ಅವರವರ ಚಪ್ಪಲಿ ನೋಡಿಕೊಂಡರು. ಯಾರೋ ಕೆಮ್ಮಿದರು. ಶ್ರೀದೇವಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು, "ಇಲ್ಲ ಅಂಕಲ್. ದೇವರಾಣೆಗೂ ಒಂದು ದಿನಾನೂ ಕೇಳಿಸಿಲ್ಲ" ಎಂದಳು. ಆ ದಿನ ಅಲ್ಲಿ ಹೇಳಲಾದ ಸಾಕ್ಷ್ಯಗಳಲ್ಲಿ ಅದಕ್ಕಿಂತ ಸತ್ಯವಾದದ್ದು ಇನ್ನೊಂದಿರಲಿಲ್ಲ.

ರೇಣುಕವ್ವ ಕಮಲಾದೇವಿಯ ಕಡೆ ನೋಡಿದಳು. ಕಮಲಾದೇವಿ ಗೋಡೆಯ ಮೇಲಿನ ನೀರಿನ ಪೈಪು ನೋಡುತ್ತಿದ್ದರು. ರೇಣುಕವ್ವ ಬಾಯಿ ಬಿಟ್ಟಿದ್ದರೆ ಕೇಸು ಅಲ್ಲೇ ಮುಗಿಯುತ್ತಿತ್ತು. ಆದರೆ ಅವಳು ಮೇಲಿನ ಮನೆಯವಳೇ ಹೊರತು ಕೀಳು ಬುದ್ಧಿಯವಳಲ್ಲ.

"ಅಕ್ಕಾರ ಕೈಗುಣ ಬ್ಯಾರೆ ಬಿಡ್ರಿ" ಎಂದಷ್ಟೇ ಹೇಳಿದಳು.

"ಕೈಗುಣ ಅಲ್ಲಮ್ಮ, ಸಂಸ್ಕಾರ. ಕಲಿತರೆ ಬರುತ್ತೆ" ಎಂದು ಚನ್ನಬಸವಯ್ಯನವರು ಕನ್ನಡಕ ಏರಿಸಿ, ಹಿಂದಿನ ದಿನವೇ ಬರೆದಿಟ್ಟುಕೊಂಡಿದ್ದ ಡಿಕ್ರಿಯನ್ನು ಜೇಬಿನಿಂದ ತೆಗೆದು ಓದಿದರು.

"ವಾದಿಯ ದಾವೆಯನ್ನು ಪುರಸ್ಕರಿಸಲಾಗಿದೆ. ಪ್ರತಿವಾದಿ ರೇಣುಕವ್ವ ಇವರು ಬೆಳಿಗ್ಗೆ ಏಳು ಗಂಟೆಗೆ ಮುಂಚೆ ಸದ್ದುಳ್ಳ ರೊಟ್ಟಿಯನ್ನು ಬಡಿಯತಕ್ಕದ್ದಲ್ಲ. ನಿಶ್ಶಬ್ದ ರೊಟ್ಟಿ ಮಾಡುವ ವಿಧಾನವನ್ನು ವಾದಿಯ ಧರ್ಮಪತ್ನಿಯಾದ ಶ್ರೀಮತಿ ಕಮಲಾದೇವಿಯವರು ಮುಂದಿನ ಭಾನುವಾರ, ಇದೇ ಸ್ಥಳದಲ್ಲಿ, ಸಕಲ ನಿವಾಸಿಗಳ ಸಮ್ಮುಖದಲ್ಲಿ ಮಾಡಿ ತೋರಿಸಿ ಪ್ರತಿವಾದಿಗೆ ಕಲಿಸತಕ್ಕದ್ದು."

ಕಮಲಾದೇವಿಯ ಕೈಯಲ್ಲಿದ್ದ ಕಾಫಿ ಲೋಟ ಕೆಳಗೆ ಬಿತ್ತು. ಸಂತೋಷದಿಂದ ಹಾಗಾಯಿತೆಂದು ಚನ್ನಬಸವಯ್ಯನವರು ತಿಳಿದು, ಸಹಿ ಹಾಕಿದರು.

ಮನೆಯೊಳಗೆ ಕಾಲಿಟ್ಟ ಕೂಡಲೇ ಕಮಲಾದೇವಿ ಬಾಗಿಲು ಹಾಕಿಕೊಂಡರು.

"ರೀ, ಅದನ್ನ ವಾಪಸ್ ತಗೊಳ್ಳಿ."

"ಸಹಿ ಆಗಿದೆ ಕಮಲಾ. ನಾನೇ ಮುಟ್ಟೋ ಹಾಗಿಲ್ಲ. ಬೇಕಾದ್ರೆ ಮೇಘಶ್ರೀನ ಕೇಳು."

"ನನ್ನನ್ನ ಒಂದು ಮಾತು ಕೇಳಿದ್ರಾ? ಜಗಳ ನಿಮಗೂ ಅವಳಿಗೂ. ನಡುವೆ ನಾನ್ಯಾಕೆ ಬಂದೆ?"

ಮೇಘಶ್ರೀ ದೊಡ್ಡಮ್ಮನ ಪರ ನಿಂತಳು. "ಕರೆಕ್ಟ್ ದೊಡ್ಡಪ್ಪ. ಡಿಕ್ರಿ ಕೇಸಿನ ಪಾರ್ಟಿಗಳಿಗೆ ಮಾತ್ರ ಅನ್ವಯ. ದೊಡ್ಡಮ್ಮ ಪಾರ್ಟಿನೇ ಅಲ್ಲ. ಪಾರ್ಟಿ ಅಲ್ಲದೋರಿಗೆ ಹೀಗೆ ಮಾಡು ಅನ್ನೋಕೆ ನಿಮಗೆ ಅಧಿಕಾರ ಇಲ್ಲ."

"ಹೆಂಡತಿ ಅಂದ್ಮೇಲೆ ಗಂಡನ ಪಾರ್ಟಿನೇ ತಾನೇ? ಅದಕ್ಕೆ ಬೇರೆ ನೋಟಿಸು ಕೊಡ್ಬೇಕಾ?" ಎಂದರು ಚನ್ನಬಸವಯ್ಯನವರು. ತಮ್ಮ ಮಾತಿಗೆ ತಾವೇ ಮೆಚ್ಚಿ ತಲೆದೂಗಿ, ಮತ್ತೆ ಹೆಂಡತಿಯ ಕಡೆ ತಿರುಗಿದರು. "ಅಷ್ಟಕ್ಕೂ ನಿನಗ್ಯಾಕೆ ಗಾಬರಿ? ದಿನಾ ಮಾಡೋದೇ ತಾನೇ?"

ಕಮಲಾದೇವಿ ಬಾಯಿ ತೆರೆದರು. ಆಗಲೇ ಹೇಳಿಬಿಟ್ಟಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಆದರೆ ಎದುರಿಗೆ ಗಂಡ ಕಣ್ಣರಳಿಸಿ, "ನಿನ್ನ ಕೈ ಏನು ಅಂತ ಊರಿಗೇ ಗೊತ್ತಾಗ್ಲಿ ಕಣೆ" ಎನ್ನುತ್ತ ನಿಂತಿದ್ದರು. ಕಮಲಾದೇವಿ ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಆ ವಾರವೆಲ್ಲ ಯಜಮಾನರು ಮಧ್ಯಾಹ್ನ ಕಣ್ಣು ಮುಚ್ಚಿದ ತಕ್ಷಣ ಕಮಲಾದೇವಿ ಮೇಲಿನ ಮನೆಗೆ ಓಡುತ್ತಿದ್ದರು. ಕಲಿಸಬೇಕಾದವರು ಕಲಿಯಬೇಕಾದವಳ ಹತ್ತಿರ ಪಾಠ ಹೇಳಿಸಿಕೊಳ್ಳತೊಡಗಿದರು.

"ಅಕ್ಕಾರ, ಕೈ ಹಗರ ಬಿಡ್ರಿ. ಹಿಟ್ಟು ನಿಮ್ಮ ವೈರಿ ಅಲ್ಲ. ಬಡಕೋಂತ ತಿರಗಸಬೇಕು, ತಿರಗಸಕೋಂತ ಬಡೀಬೇಕು" ಎಂದು ರೇಣುಕವ್ವ ಹೇಳಿಕೊಡುವಳು.

"ಅದೇ ಮಾಡ್ತಿದ್ದೀನಲ್ಲೇ."

"ನೀವು ಬರೇ ಬಡಿಯಾಕತ್ತೀರಿ."

ರೊಟ್ಟಿ ಒಡೆಯುತ್ತಿತ್ತು. ಒಡೆಯದಿದ್ದರೆ ಹಲಗೆಗೆ ಅಂಟುತ್ತಿತ್ತು. ಅಂಟದೆ ಎದ್ದುಬಂದದ್ದು ಹಂಚಿನ ಮೇಲೆ ಅಂಗೈಯಗಲದ ಹಪ್ಪಳವಾಗುತ್ತಿತ್ತು. ಇನ್ನು ಸದ್ದಿಲ್ಲದೆ ಮಾಡುವ ಪ್ರಶ್ನೆ ದೂರವೇ ಉಳಿಯಿತು. "ಹೇಳಿಬಿಡ್ರಿ ಅಕ್ಕಾರ, ಗಂಡ ಅದಾರ, ನುಂಗಿಬಿಡ್ತಾರೇನು?" ಎಂದು ರೇಣುಕವ್ವ ಕೇಳಿದರೆ, ಕಮಲಾದೇವಿ "ನಿನಗೆ ಗೊತ್ತಾಗಲ್ಲ ಸುಮ್ನಿರು" ಎಂದು ಮತ್ತೊಂದು ಉಂಡೆ ತೆಗೆದುಕೊಳ್ಳುತ್ತಿದ್ದರು.

ಅತ್ತ ಪ್ರಸನ್ನ ಸಂಘದ ವಾಟ್ಸಾಪ್ ಗುಂಪಿನಲ್ಲಿ 'ನಿಶ್ಶಬ್ದ ರೊಟ್ಟಿ ಪ್ರಾತ್ಯಕ್ಷಿಕೆ, ಎಲ್ಲರಿಗೂ ಸ್ವಾಗತ, ಚಹಾ ಬಿಸ್ಕತ್ತು ಇದೆ' ಎಂದು ಹಾಕಿದ. ಅದನ್ನು ಯಾರೋ ಪಕ್ಕದ ಕಟ್ಟಡದ ಗುಂಪಿಗೆ ಕಳಿಸಿದರು. ಅಲ್ಲಿಂದ ಅದು ಗೊಟ್ಟಿಗೆರೆಯವರೆಗೂ ಹೋಯಿತು. ಶ್ರೀದೇವಿ ಕೆಳಗೆ ಚಪ್ಪಾಳೆಯ ಚಿತ್ರಗಳ ಸಾಲನ್ನೇ ಹಾಕಿದಳು. ಚನ್ನಬಸವಯ್ಯನವರು ಆ ಚಪ್ಪಾಳೆಗಳನ್ನು ಹೆಂಡತಿಗೂ ತೋರಿಸಿದರು.

ಶನಿವಾರ ಅವರಿಗೆ ಇನ್ನೊಂದು ಯೋಚನೆ ಹೊಳೆಯಿತು. ಹಿಂದಿನ ಸಾಲಿನಲ್ಲಿ ಕೂತವರಿಗೆ ಸದ್ದು ಬರುತ್ತಿಲ್ಲ ಎನ್ನುವುದು ಹೇಗೆ ಗೊತ್ತಾಗಬೇಕು? ಪ್ರಸನ್ನನನ್ನು ಕರೆದು, ರೊಟ್ಟಿ ಬಡಿಯುವ ಹಲಗೆಯ ಪಕ್ಕದಲ್ಲೇ ಒಂದು ಮೈಕು ಇಡಿಸಲು ಹೇಳಿದರು.

"ಸಾರ್, ಸದ್ದೇ ಇಲ್ಲದ್ದಕ್ಕೆ ಮೈಕ್ ಯಾಕೆ ಸಾರ್?" ಎಂದ ಪ್ರಸನ್ನ.

"ನಿಶ್ಶಬ್ದ ಎಲ್ಲರಿಗೂ ಸರಿಯಾಗಿ ಕೇಳಿಸಬೇಕಲ್ಲಪ್ಪ!"

ಪ್ರಸನ್ನನಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಗಣೇಶನ ಹಬ್ಬಕ್ಕೆ ಬಳಸುವ ಎರಡು ದೊಡ್ಡ ಸ್ಪೀಕರುಗಳನ್ನೂ ಜೊತೆಗೆ ತರಿಸಿದ.

ಭಾನುವಾರ ಕಾರುಗಳನ್ನೆಲ್ಲ ಬೀದಿಗೆ ಅಟ್ಟಿ, ಜಮಖಾನ ಹಾಸಲಾಗಿತ್ತು. ಬೇರೆ ಕಟ್ಟಡಗಳಿಂದಲೂ ಜನ ಬಂದಿದ್ದರು. ಪಿ.ಜಿ.ಯ ಹುಡುಗರು, ತಮ್ಮ ಬೆಳಗಿನ ಬುತ್ತಿಯ ಭವಿಷ್ಯ ತಿಳಿಯಲು ಬಂದವರು, ಗೇಟಿನ ಹತ್ತಿರ ಗುಂಪಾಗಿ ನಿಂತಿದ್ದರು. ದ್ಯಾಮಣ್ಣ ಗ್ಯಾಸಿನ ಒಲೆ ಹೊತ್ತಿಸಿ ಹಂಚು ಇಟ್ಟು, ಸೋತವನ ಮುಖ ಮಾಡಿಕೊಂಡು ಹಿಂದೆ ಸರಿದ. ರೊಟ್ಟಿ ನಿಂತರೆ ಆ ಮನೆ ಬಿಡುವುದೆಂದು ಅವನು ಆಗಲೇ ಬೇರೆ ಕಡೆ ವಿಚಾರಿಸಿ ಬಂದಿದ್ದ. ಚನ್ನಬಸವಯ್ಯನವರು ತಿರುಗುವ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು.

ಕಮಲಾದೇವಿ ಹಲಗೆಯ ಮುಂದೆ ಕೂತರು. ಹಿಟ್ಟು ನಾದಿದರು. ಉಂಡೆ ಮಾಡಿದರು. ಅದನ್ನು ಹಲಗೆಯ ಮೇಲಿಟ್ಟು, ಒಂದು ಸಲ ಕಣ್ಣು ಮುಚ್ಚಿ ತೆರೆದು, ಕೈ ಎತ್ತಿದರು.

ಧಬ್!

ಎರಡೂ ಸ್ಪೀಕರುಗಳು ಒಟ್ಟಿಗೆ ಗುಡುಗಿದವು. ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಮೇಲಿನ ಅಂತಸ್ತಿನಲ್ಲಿ ಯಾರದೋ ಕೂಸು ಅಳತೊಡಗಿತು.

"ಮೈಕು ಸರಿ ಮಾಡಪ್ಪ ಪ್ರಸನ್ನ" ಎಂದರು ಚನ್ನಬಸವಯ್ಯನವರು.

"ಮೈಕು ಸರಿಯಾಗೇ ಇದೆ ಸಾರ್."

ಧಬ್! ಧಬ್! ಕಮಲಾದೇವಿ ತಲೆ ಎತ್ತದೆ ಬಡಿದರು. ಹಿಟ್ಟು ಒಂದು ಕಡೆ ಬಿರಿಯಿತು. ಬೆರಳಿನಿಂದ ಅದನ್ನು ಅಕ್ಕಿ ರೊಟ್ಟಿ ತಟ್ಟುವ ಹಾಗೆ ಒತ್ತಿ ಒತ್ತಿ ಕೂಡಿಸಲು ನೋಡಿದರು. ಇನ್ನೊಂದು ಕಡೆ ಬಿರಿಯಿತು. ಅವರ ಹಣೆಯ ವಿಭೂತಿಯ ಮೇಲೆ ಹಿಟ್ಟು ಹತ್ತಿತ್ತು. ಮತ್ತೊಮ್ಮೆ ಬಡಿದರು, ಧಬ್! ರೊಟ್ಟಿ ನಡುವೆ ಸೀಳಿತು.

ಚನ್ನಬಸವಯ್ಯನವರು ಆ ಕೈಯನ್ನು ನೋಡಿದರು. ಈ ಕೈ ತಾವು ದಿನಾ ತಿನ್ನುವ ರೊಟ್ಟಿಯನ್ನು ಜನ್ಮದಲ್ಲಿ ಮಾಡಿದ್ದಲ್ಲ ಎನ್ನುವುದು ಅವರಂಥವರಿಗೂ ತಿಳಿಯಿತು. ತಲೆ ಎತ್ತಿ ಜನರನ್ನು ನೋಡಿದರು. ಯಾರೂ ರೊಟ್ಟಿಯನ್ನು ನೋಡುತ್ತಿರಲಿಲ್ಲ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ವಾಟ್ಸಾಪಿನ ಚಪ್ಪಾಳೆಯ ಸಾಲಿನ ಅರ್ಥವೂ ಆಗ ತಿಳಿಯಿತು.

ಕಮಲಾದೇವಿ ಬಡಿಯುವುದನ್ನು ನಿಲ್ಲಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಗಂಡನ ಮುಖ ನೋಡಿದರು. ಅವರ ಕಣ್ಣು ತುಂಬಿತ್ತು.

"ಸಾರ್, ಏನ್ ಮಾಡೋಣ?" ಎಂದ ಪ್ರಸನ್ನ.

ಕಚೇರಿಯಲ್ಲಿ ಅಂಥ ಪ್ರಶ್ನೆಗೆ ಚನ್ನಬಸವಯ್ಯನವರು ಬರೆಯುತ್ತಿದ್ದ ಉತ್ತರ ಒಂದಿತ್ತು, 'ಪರಿಶೀಲಿಸಿ ಮಂಡಿಸಿ'. ಅದು ಬಾಯಿಗೂ ಬಂತು. ಅದನ್ನು ನುಂಗಿಕೊಂಡು ಎದ್ದು ನಿಂತರು.

"ಕೋರ್ಟಿಗೆ ಯಾವ ಸದ್ದೂ ಕೇಳಿಸಲಿಲ್ಲ" ಎಂದರು.

ಜಮಖಾನದ ಮೇಲಿನ ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಮೇಲಿನ ಕೂಸು ಇನ್ನೂ ಅಳುತ್ತಲೇ ಇತ್ತು.

"ಸಾರ್, ಸ್ಪೀಕರಲ್ಲಿ..."

"ಕೇಳಿಸಲಿಲ್ಲ ಅಂದೆನಲ್ಲ. ವಾದಿಯ ಹೆಂಡತಿ ಮಾಡಿ ತೋರಿಸಿದ್ದಾಳೆ. ಡಿಕ್ರಿ ಜಾರಿಯಾಗಿದೆ. ಏನಮ್ಮ ರೇಣುಕವ್ವ, ಕಲಿತ್ರಾ?"

ರೇಣುಕವ್ವ ಕ್ಷಣ ತಡಮಾಡಲಿಲ್ಲ. "ಪೂರ್ತಿ ಕಲ್ತೆನ್ರಿ ಸಾಹೇಬ್ರ. ನಾಳಿಂದ ನಾನೂ ಹಿಂಗಽ ಬಡೀತೀನ್ರಿ."

"ಹೀಗೇ ಬಡೀರಿ. ಐದಕ್ಕೇ ಬಡೀರಿ. ಇದಕ್ಕಿಂತ ಒಂಚೂರೂ ಜಾಸ್ತಿ ಸದ್ದು ಬರಕೂಡದು."

ಗೇಟಿನ ಹತ್ತಿರ ಪಿ.ಜಿ.ಯ ಹುಡುಗರು ಸಿಳ್ಳೆ ಹೊಡೆದರು. ದ್ಯಾಮಣ್ಣ ಒಲೆ ಆರಿಸುವುದನ್ನೂ ಮರೆತು ಕೈಮುಗಿದ.

"ಅಂಕಲ್, ನಮಗೆಲ್ಲಾ ಕೇಳಿಸ್ತಲ್ಲ?" ಎಂದಳು ಶ್ರೀದೇವಿ. ಅವಳಿಗೆ ಬಿಸ್ಕತ್ತಿನ ಜೊತೆ ಇಷ್ಟೇ ತಮಾಷೆ ಸಿಕ್ಕಿದ್ದು ಸಾಲಲಿಲ್ಲ.

"ಹಾಗಾದ್ರೆ ನಿಮ್ಮ ಕಿವಿ ಚೆನ್ನಾಗಿದೆ ಅಂತಾಯ್ತು. ಅದಕ್ಕೂ ಒಂದು ಡಿಕ್ರಿ ಬೇಕಾ?"

ಮೇಘಶ್ರೀ ಹತ್ತಿರ ಬಂದು ಮೆಲ್ಲಗೆ, "ದೊಡ್ಡಪ್ಪ, ಇಷ್ಟು ತಪ್ಪಿರೋ ತೀರ್ಪನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ" ಎಂದಳು. ಅವರು ಬಗ್ಗಿ, ಕಮಲಾದೇವಿಗೆ ಏಳಲು ಕೈ ಕೊಟ್ಟರು. ಹಾಗೆ ನಾಲ್ಕು ಜನರ ಮುಂದೆ ಅವರು ಹೆಂಡತಿಯ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅದೇ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕಮಲಾದೇವಿ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದರು. ಉಗುರಿನ ಸಂದಿಯ ಹಿಟ್ಟು ಹೋಗುತ್ತಿರಲಿಲ್ಲ.

"ಯಾವಾಗಿಂದ?" ಎಂದರು ಚನ್ನಬಸವಯ್ಯನವರು.

"ನಿಮಗೆ ಸಕ್ಕರೆ ಬಂದಾಗಿಂದ."

"ಎಲ್ಲರಿಗೂ ಗೊತ್ತಿತ್ತಾ?"

"ವಾಚ್‌ಮನ್ನಿಗೂ ಗೊತ್ತಿತ್ತು."

"ನನಗೊಂದು ಮಾತು ಹೇಳಬಹುದಿತ್ತಲ್ಲೇ. ಬೈತಿದ್ನಾ?"

ಕಮಲಾದೇವಿ ನಲ್ಲಿ ನಿಲ್ಲಿಸಿದರು.

"ಬೈತೀರಿ ಅಂತ ಅಲ್ಲ. ಮದುವೆಯಾಗಿ ಬಂದಾಗಿಂದ ನಾನೇ ಬೇಯಿಸಿ ಹಾಕಿದ್ದೀನಿ. ಉಂಡ್ರಿ, ಕೈ ತೊಳೆದ್ರಿ, ಎದ್ದು ಹೋದ್ರಿ. ಉಪ್ಪು ಕಮ್ಮಿ ಆದ ದಿನ ಮಾತ್ರ ನಿಮ್ಮ ಬಾಯಿಂದ ಮಾತು ಬರ್ತಿತ್ತು. ಚೆನ್ನಾಗಿದೆ ಅಂತ ಒಂದು ದಿನ ಅಂದೋರಲ್ಲ. ಅವಳ ರೊಟ್ಟಿ ತಿಂದು ನನ್ನ ಕೈ ಹೊಗಳಿದ್ರಿ. ನನಗೆ ಸೇರಿದ್ದಲ್ಲ ಅಂತ ಗೊತ್ತಿತ್ತು. ಆದ್ರೂ ದಿನಾ ಒಂದು ಸಲ ಕೇಳೋಣ ಅನ್ನಿಸ್ತಿತ್ತು. ಅಷ್ಟೇ."

ಚನ್ನಬಸವಯ್ಯನವರು ಊಟದ ಮೇಜಿನ ಹತ್ತಿರ ಹೋಗಿ ಕೂತರು. ಎದ್ದರು. ಮತ್ತೆ ಕೂತರು. ಅವರಿಗೆ ನಾಚಿಕೆಯಾಗಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಉಪ್ಪಿನ ಡಬ್ಬಿಯನ್ನು ಅತ್ತಿಂದಿತ್ತ ಸರಿಸುತ್ತಿದ್ದರು. ಕೊನೆಗೆ, "ಕೆಳಗೆ ಮಾಡಿದ್ಯಲ್ಲ, ಆ ರೊಟ್ಟಿ ಎಲ್ಲಿ?" ಎಂದು ಕೇಳಿದರು.

"ಹಂಚಿನ ಮೇಲೆ ಹಾಕಿ ಸುಟ್ಟಿದ್ದ ದ್ಯಾಮಣ್ಣ. ಹೋಳುಗಳನ್ನ ತಟ್ಟೆಗೆ ಹಾಕಿಕೊಂಡು ತಂದೆ. ಯಾಕೆ?"

"ಕೊಡು."

"ತಮಾಷೆ ಮಾಡ್ಬೇಡಿ."

"ಕೊಡೇ."

ಕಮಲಾದೇವಿ ತಟ್ಟೆ ತಂದಿಟ್ಟರು. ಒಂದು ಹೋಳು ಕರಿಕಾಗಿತ್ತು, ಒಂದು ಬೆಂದೇ ಇರಲಿಲ್ಲ. ಚನ್ನಬಸವಯ್ಯನವರು ಕರಿಕಾದುದನ್ನು ಬಾಯಿಗಿಟ್ಟು ಅಗಿಯತೊಡಗಿದರು. ಎಡಕ್ಕೆ ಹಾಕಿ ಅಗಿದರು, ಬಲಕ್ಕೆ ಹಾಕಿ ಅಗಿದರು. ಕಮಲಾದೇವಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ನೀರು ಕುಡಿದು, ಉಸಿರು ತೆಗೆದುಕೊಂಡು, ಚನ್ನಬಸವಯ್ಯನವರು ಹೇಳಿದರು:

"ಗಟ್ಟಿ ಇದೆ. ಇನ್ನೊಂದು ಚೂರು ಕೊಡು."

"ಸಾಕು ಬಿಡಿ, ಹಲ್ಲು ಹೋದಾವು. ಉಳಿದಿದ್ದು ಹಸುವಿಗೆ ಅಂತ ಇಟ್ಟಿದ್ದೀನಿ."

"ಹಸುವಿಗೆ ರೇಣುಕವ್ವನ ರೊಟ್ಟಿ ಹಾಕು" ಎಂದು ಚನ್ನಬಸವಯ್ಯನವರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.